ಕಷಾಯದ ಲೋಟ ಹಾಗಿರಲಿ, ಮಾವನ ತಟ್ಟೆಯಲ್ಲಿ ಏನಿದೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಊರು ಕುಂದಾಪುರ ಕಡೆ, ಈಗ ಇರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಒನ್ ರೂಮ್ ಕಿಚನ್ ಮನೆ. ನಾನು, ನಮ್ಮವರು, ಹತ್ತು ವರ್ಷದ ಮಗಳು, ಮಾವ. ನಮ್ಮವರು ಘಾಟ್ಕೋಪರ್‌ನಲ್ಲಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾರೆ. ನಾಲ್ಕು ದಿನದ ಹಿಂದೆ ಅವರಿಗೆ ಕೋವಿಡ್ ಪಾಸಿಟಿವ್ ಬಂತು, ಮೊನ್ನೆ ಮಾವನಿಗೂ ಬಂತು. ಇಬ್ಬರ ಆಕ್ಸಿಜನ್ 97 ಇದೆ, ಮನೆಯಲ್ಲೇ ಇರಿ ಎಂದರು ಡಾಕ್ಟರು. ಮಾವನಿಗೆ 68 ವರ್ಷ. ಶುಗರ್, ಬಿಪಿ ಎರಡೂ ಇದೆ. ಬಾಯಿ ಕಹಿ ಎಂದು ಬರೀ ಗಂಜಿ ತಿಳಿ, ಉಪ್ಪಿನಕಾಯಿ. ಶುಗರಿನ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಿಲ್ಲ. ಮೊಟ್ಟೆ ಮೀನು ಉಷ್ಣ, ಮೊಸರು ಬಾಳೆಹಣ್ಣು ಶೀತ ಎಂದು ಎಲ್ಲ ಬಿಟ್ಟಿದ್ದೇವೆ. ದಿನಕ್ಕೆ ನಾಲ್ಕು ಸಲ ಎಲ್ಲರಿಗೂ ಕಷಾಯ ಕೊಡುತ್ತೇನೆ: ಶುಂಠಿ, ಕಾಳುಮೆಣಸು, ದಾಲ್ಚಿನ್ನಿ, ಅತಿಮಧುರ, ಅಮೃತಬಳ್ಳಿ, ಬೆಲ್ಲ. ಜಿಂಕ್, ವಿಟಮಿನ್ ಸಿ, ಡಿ ಮಾತ್ರೆಗಳನ್ನೂ ಎಲ್ಲರಿಗೂ ಕೊಡುತ್ತಿದ್ದೇನೆ, ಮಗಳಿಗೂ. ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆಯುತ್ತೇನೆ. ಅಕ್ಕಪಕ್ಕದವರು 900 ರೂಪಾಯಿಯ ಪ್ರೋಟೀನ್ ಪೌಡರ್ ತರಿಸಿ ಅನ್ನುತ್ತಾರೆ. ಇಮ್ಯುನಿಟಿಗೆ ಇನ್ನೇನು ಕೊಡಬೇಕು? ನಮ್ಮವರಿಗೆ ಕಾಫಿಯ ವಾಸನೆಯೂ ಗೊತ್ತಾಗುತ್ತಿಲ್ಲ. ಇನ್ನೊಂದು, ಸಂಕ್ರಾಂತಿಯ ತಿಳ್ಗುಳ್ (ಎಳ್ಳು-ಬೆಲ್ಲದ ಉಂಡೆ) ಡಬ್ಬಿಯನ್ನು ಎದುರುಮನೆಯವರು ಬಾಗಿಲಲ್ಲಿ ಇಟ್ಟು ಹೋಗಿದ್ದಾರೆ. ಅದನ್ನು ತಿನ್ನಬಹುದಾ ಎಂದು ಮಗಳು ದಿನಾ ಕೇಳುತ್ತಾಳೆ.

ಉತ್ತರ: ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಮಾವನ ಶುಗರ್ ಚೆಕ್ ಮಾಡಿ. ಮನೆಯಲ್ಲಿ ಗ್ಲೂಕೋಮೀಟರ್ ಇಲ್ಲದಿದ್ದರೆ ಬಿಲ್ಡಿಂಗ್‌ನಲ್ಲಿ ಯಾರ ಹತ್ತಿರವಾದರೂ ಇದ್ದೇ ಇರುತ್ತದೆ, ತರಿಸಿಕೊಳ್ಳಿ. ಆಮೇಲೆ ಮುಂದೆ ಓದಿ.

ನೀವು ಕೇಳಿದ್ದು ಇಮ್ಯುನಿಟಿಯ ಬಗ್ಗೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ‘ಬರೀ ಗಂಜಿ ತಿಳಿ, ಶುಗರಿನ ಮಾತ್ರೆ ತಪ್ಪಿಸಿಲ್ಲ’ ಎಂಬ ಮಾತು. ಜ್ವರ ಬಂದಾಗ ದೇಹ ಕೆಲವು ಹಾರ್ಮೋನುಗಳನ್ನು ಜಾಸ್ತಿ ಬಿಡುತ್ತದೆ, ಅದರಿಂದ ಶುಗರ್ ಏರುತ್ತದೆ. ಇತ್ತ ಊಟ ಇಲ್ಲದಿದ್ದರೆ ಇಳಿಯುತ್ತದೆ. ಎತ್ತ ಹೋಗುತ್ತದೆ ಎಂದು ಮುಖ ನೋಡಿ ಹೇಳಲು ಆಗುವುದಿಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆಗಳು ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಬಿಡಿಸುತ್ತಲೇ ಇರುತ್ತವೆ. ನಡುರಾತ್ರಿ ಬೆವರು, ಕೈ ನಡುಕ, ತಪ್ಪು ತಪ್ಪಾಗಿ ಮಾತು ಕಂಡರೆ ಮನೆಯವರು ಜ್ವರ ಇಳಿಯುತ್ತಿದೆ ಅಂದುಕೊಳ್ಳುತ್ತಾರೆ. ಅದು ಶುಗರ್ ಇಳಿದ ಲಕ್ಷಣವೂ ಆಗಿರಬಹುದು. ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಇನ್ನೊಂದು ಜಾತಿಯ ಮಾತ್ರೆಗಳಿವೆ. ಸರಿಯಾಗಿ ತಿನ್ನದೆ, ಕುಡಿಯದೆ ಇರುವಾಗ ಇವುಗಳಿಂದ ರಕ್ತದಲ್ಲಿ ಆಮ್ಲ ಸೇರುವ ಅಪಾಯ ಇದೆ. ಅಂಥ ದಿನಗಳಲ್ಲಿ ಡಾಕ್ಟರುಗಳು ಸಾಮಾನ್ಯವಾಗಿ ಇವನ್ನು ನಿಲ್ಲಿಸುತ್ತಾರೆ. ವಾಂತಿ ಇದ್ದರೆ ಮೆಟ್‌ಫಾರ್ಮಿನ್ ಬಗ್ಗೆಯೂ ಕೇಳಬೇಕು. ಹಾಗಂತ ನೀವೇ ನಿಲ್ಲಿಸಬೇಡಿ. ಸ್ಟ್ರಿಪ್ಪುಗಳನ್ನು ಕೈಯಲ್ಲಿ ಹಿಡಿದುಕೊಂಡು ಡಾಕ್ಟರಿಗೆ ಫೋನ್ ಮಾಡಿ, ಒಂದೊಂದೇ ಹೆಸರು ಓದಿ ಹೇಳಿ. ‘ಇವರ ಊಟ ಅರ್ಧಕ್ಕಿಂತ ಕಡಿಮೆಯಾಗಿದೆ’ ಎಂಬುದನ್ನೂ ಹೇಳಿ. ಅವರು ಕೇಳುವ ತನಕ ಕಾಯಬೇಡಿ. ಈ ಗಲಾಟೆಯಲ್ಲಿ ಅವರು ಕೇಳುವುದು ಆಕ್ಸಿಜನ್ ಎಷ್ಟು ಅಂತ ಮಾತ್ರ. 2022ರ ಜನವರಿಯ ಮೊದಲ ವಾರದಲ್ಲಿ ಮುಂಬೈಯಲ್ಲಿ ಒಂದೇ ದಿನ 20 ಸಾವಿರ ಕೇಸು ದಾಟಿದವು, ಅವರನ್ನೂ ದೂರುವಂತಿಲ್ಲ.

ಈಗ ಇಮ್ಯುನಿಟಿಗೆ ಬರೋಣ. ಕೋವಿಡ್ ಶುರುವಾದಾಗಿನಿಂದ ನಾನು ಅತಿ ಹೆಚ್ಚು ಕೇಳಿದ ಪದ ಇದು. ಯಾವ ಆಹಾರವೂ ವೈರಸ್ಸನ್ನು ಗಂಟಲಿನಲ್ಲಿ ತಡೆದು ನಿಲ್ಲಿಸುವುದಿಲ್ಲ. ಬಿಸಿನೀರು ಕುಡಿದರೆ ಅದು ಹೊಟ್ಟೆಗೆ ಜಾರಿ ಸಾಯುವುದೂ ಇಲ್ಲ. ವೈರಸ್ಸು ಮೂಗು, ಗಂಟಲು, ಶ್ವಾಸಕೋಶದ ಜೀವಕೋಶಗಳ ಒಳಗೆ ಸೇರಿಕೊಂಡಿರುತ್ತದೆ, ಮೇಲೆ ಹರಿಯುವ ನೀರು ಅಲ್ಲಿಗೆ ಮುಟ್ಟುವುದಿಲ್ಲ. ಊಟದ ಕೆಲಸ ಬೇರೆ. ವೈರಸ್ಸಿನ ವಿರುದ್ಧ ದೇಹ ಮಾಡಿಕೊಳ್ಳುವ ಆಂಟಿಬಾಡಿಗಳು ಪ್ರೋಟೀನಿನಿಂದಲೇ ಆದವು. ಹೊಸ ಬಿಳಿ ರಕ್ತಕಣಗಳಿಗೂ ಪ್ರೋಟೀನ್ ಬೇಕು. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಖರ್ಚು ನೂರಕ್ಕೆ ಹತ್ತರಷ್ಟು ಏರುತ್ತದೆ. ಹೊರಗಿನಿಂದ ಏನೂ ಬರದಿದ್ದರೆ ದೇಹ ತನ್ನ ತೊಡೆ, ತೋಳಿನ ಮಾಂಸಖಂಡವನ್ನೇ ಕರಗಿಸಿ ಬಳಸುತ್ತದೆ. ಕೋವಿಡ್ ವಾಸಿಯಾದ ಮೇಲೂ ‘ಮೆಟ್ಟಿಲು ಹತ್ತಲು ಆಗುತ್ತಿಲ್ಲ ಮೇಡಂ’ ಎಂದು ಬರುವ ವಯಸ್ಸಾದವರಲ್ಲಿ ಇದೂ ಒಂದು ಕಾರಣ.

ಆರೋಗ್ಯವಾಗಿರುವವರಿಗೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.83 ಗ್ರಾಂ ಪ್ರೋಟೀನ್ ಸಾಕು. ಕಾಯಿಲೆಯ ಹೊತ್ತಿನಲ್ಲಿ ನಾವು 1.2 ಗ್ರಾಂ ಹತ್ತಿರ ಹೋಗಲು ನೋಡುತ್ತೇವೆ. ನಿಮ್ಮ ಮಾವ 60 ಕಿಲೋ ಎಂದಿಟ್ಟುಕೊಳ್ಳಿ, ಅವರಿಗೆ 70 ಗ್ರಾಂ ಆಸುಪಾಸು ಬೇಕು. ಈಗ ಸಿಗುತ್ತಿರುವುದು ಎಷ್ಟು? ನಾಲ್ಕು ಲೋಟ ಗಂಜಿ ತಿಳಿಯಲ್ಲಿ ಹತ್ತು ಗ್ರಾಂ ಕೂಡ ಇರುವುದಿಲ್ಲ. ಉಪ್ಪಿನಕಾಯಿಯಲ್ಲಿ ಉಪ್ಪು ಬಿಟ್ಟು ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಅದೂ ಬಿಪಿ ಇರುವವರಿಗೆ. ಒಂದು ಮಾತು, ಮಾವನ ಕಿಡ್ನಿ ಹೇಗಿದೆ ಎಂದು ಹಳೆಯ ರಿಪೋರ್ಟಿನಲ್ಲಿ ನೋಡಿ. ಕ್ರಿಯಾಟಿನಿನ್ ಜಾಸ್ತಿ ಇದ್ದರೆ ಈ 70ರ ಲೆಕ್ಕ ಅವರಿಗಲ್ಲ, ಡಾಕ್ಟರನ್ನು ಕೇಳಿಯೇ ಮಾಡಬೇಕು.

2021ರ ಏಪ್ರಿಲ್‌ನಲ್ಲಿ ನಾನು ಕೋವಿಡ್ ವಾರ್ಡಿನ ಊಟದ ಉಸ್ತುವಾರಿಯಲ್ಲಿದ್ದೆ. ಮಧ್ಯಾಹ್ನ ಒಂದೂವರೆ ಹೊತ್ತಿಗೆ ತಟ್ಟೆಗಳು ವಾಪಸ್ ಬರುತ್ತಿದ್ದವು. ಅನ್ನ ಅರ್ಧ ಮುಗಿದಿರುತ್ತಿತ್ತು. ದಾಲ್ ಬಟ್ಟಲಿನ ಮೇಲೆ ಕೆನೆ ಕಟ್ಟಿರುತ್ತಿತ್ತು. ಬೇಯಿಸಿದ ಮೊಟ್ಟೆ ಇಟ್ಟಲ್ಲೇ ಇರುತ್ತಿತ್ತು. ಹಟ ಮಾಡುತ್ತಾರೆ ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಒಂದು ದಿನ ಪಿಪಿಇ ಹಾಕಿಕೊಂಡು ಒಳಗೆ ಹೋಗಿ, ಒಬ್ಬ ಅಜ್ಜ ತಿನ್ನುವುದನ್ನು ನೋಡುತ್ತಾ ನಿಂತೆ. ಒಂದು ತುತ್ತು ಬಾಯಿಗಿಟ್ಟು, ಮಾಸ್ಕ್ ಮತ್ತೆ ಏರಿಸಿಕೊಂಡು, ನಾಲ್ಕು ಉಸಿರು ಎಳೆದು, ಆಮೇಲೆ ಅಗಿಯುತ್ತಿದ್ದರು. ಅಗಿಯುವುದಕ್ಕೇ ಸುಸ್ತು. ಮಾರನೇ ದಿನ ಮೊಟ್ಟೆಯನ್ನು ಮೊಸರನ್ನದಲ್ಲಿ ನುಣ್ಣಗೆ ಹಿಸುಕಿ, ಚಿಕ್ಕ ಬಟ್ಟಲಿನಲ್ಲಿ, ದಿನಕ್ಕೆ ಆರು ಸಲ ಕಳಿಸಿದೆವು. ಬಟ್ಟಲು ಖಾಲಿಯಾಗಿ ಬಂತು. ಕೊಡುವ ಪದಾರ್ಥ ಅದೇ ಇತ್ತು, ಕೊಡುವ ರೀತಿ ಬದಲಾಯಿಸಿದ್ದೆವು ಅಷ್ಟೆ.

ಹಾಗಾಗಿ ಮಾವನಿಗೆ ಗಂಜಿ ಬಿಡಿಸಬೇಡಿ. ಗಂಜಿ ಬಡಪಾಯಿ, ಅದರ ತಪ್ಪೇನಿಲ್ಲ. ನೀರಿನಂಶ ಸಿಗುತ್ತದೆ, ಬಾಯಿಗೆ ಇಳಿಯುತ್ತದೆ. ಅದನ್ನು ಗಟ್ಟಿ ಮಾಡಿ. ಒಂದು ಹಿಡಿ ಕುಚ್ಚಲಕ್ಕಿಗೆ ಅರ್ಧ ಹಿಡಿ ಹೆಸರುಕಾಳು ಸೇರಿಸಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಕಡೆಗೆ ಸ್ವಲ್ಪ ತೆಂಗಿನ ಹಾಲು ಹಾಕಿ. ಪಕ್ಕಕ್ಕೆ ಉಪ್ಪಿನಕಾಯಿಯ ಬದಲು ಶುಂಠಿ ತಂಬುಳಿ ಇರಲಿ. ಹುಳಿ ಬಾಯಿಗೆ ತಾಗಿದರೆ ಕಹಿ ಸ್ವಲ್ಪ ಮರೆಯಾಗುತ್ತದೆ. ಬೆಳಿಗ್ಗೆ ಎರಡು ಮೊಟ್ಟೆ, ಮೆತ್ತನೆಯ ದೋಸೆಯ ಜೊತೆ, ಹನ್ನೆರಡು ಗ್ರಾಂ ಬಂತು. ಒಂದು ಲೋಟ ಹಾಲು ಸಕ್ಕರೆಯಿಲ್ಲದೆ, ಆರು ಗ್ರಾಂ. ಮಧ್ಯಾಹ್ನದ ಹೆಸರುಕಾಳು ಗಂಜಿಯಲ್ಲಿ ಹತ್ತು ಹನ್ನೆರಡು. ಒಂದು ಮಧ್ಯಮ ಬಂಗುಡೆಯಲ್ಲಿ ಹದಿನೈದರ ಹತ್ತಿರ. ಸಂಜೆ ಒಂದು ಹಿಡಿ ಬೇಯಿಸಿದ ಶೇಂಗಾ, ಇಲ್ಲದಿದ್ದರೆ ಮಟಕಿ ಉಸಳ್ (ಮಡಿಕೆ ಕಾಳಿನ ಪಲ್ಯ). ರಾತ್ರಿ ದಾಲ್ ಜಾಸ್ತಿ ಇರುವ ಮೆತ್ತನೆಯ ಖಿಚಡಿ, ಒಂದು ಬಟ್ಟಲು ಮೊಸರು. 60 ದಾಟಿತು, ಅಲ್ವಾ? ಮೀನು ಮೊಟ್ಟೆ ಬೇಡ ಎಂದು ಅವರು ಖಡಾಖಂಡಿತ ಹೇಳಿದರೆ ಪನೀರ್ ಇದೆ, ಇನ್ನೊಂದು ಲೋಟ ಹಾಲಿದೆ. ಎಲ್ಲ ಒಂದೇ ದಿನಕ್ಕೆ ಸಾಧಿಸಲು ಹೋಗಬೇಡಿ. ಇವತ್ತು 30ಕ್ಕೆ ಬಂದರೂ ನಿನ್ನೆಗಿಂತ ಮೂರು ಪಾಲು.

ಉಷ್ಣ, ಶೀತದ ವಿಷಯದಲ್ಲಿ ಮಾವನ ಜೊತೆ ವಾದ ಮಾಡಬೇಡಿ. ನಮ್ಮ ಅಪ್ಪನ ಜೊತೆ ನಾನು ಮೂವತ್ತು ವರ್ಷ ಮಾಡಿ ಸೋತವಳು. ಮೊಟ್ಟೆ, ಮೀನಿನಿಂದ ಜ್ವರ ಏರುವುದಿಲ್ಲ. ಮೊಸರಿನಿಂದ ಕೋವಿಡ್ ಜೋರಾಗುವುದಿಲ್ಲ. ಹಾಲು ಕುಡಿದಾಗ ಗಂಟಲಲ್ಲಿ ಅಂಟಿದಂತೆ ಅನಿಸುತ್ತದೆ, ಅದು ಕಫ ಹೆಚ್ಚಾದದ್ದಲ್ಲ. 2020ರ ಶುರುವಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂದು ಮೆಸೇಜು ಓಡಾಡಿ ಕೋಳಿಯ ರೇಟು ನೆಲಕಚ್ಚಿದ್ದು ನೆನಪಿರಬಹುದು. ಈ ಉಷ್ಣ-ಶೀತ ಅಷ್ಟು ಕೆಟ್ಟದ್ದಲ್ಲ, ಅದರ ಹಿಂದೆ ಜ್ವರದವರಿಗೆ ಹಗುರ ಊಟ ಕೊಡಬೇಕೆಂಬ ಕಾಳಜಿ ಇದೆ. ಎಣ್ಣೆ, ಮಸಾಲೆ ಕಡಿಮೆ ಮಾಡಿ ಆ ಕಾಳಜಿಯನ್ನು ಉಳಿಸಿಕೊಳ್ಳಬಹುದು. ಮೊಸರು ಬೇಡ ಎಂದರೆ ಫ್ರಿಜ್ಜಿನಿಂದ ಮೊದಲೇ ತೆಗೆದಿಟ್ಟು, ಒಗ್ಗರಣೆ ಹಾಕಿ ಮಜ್ಜಿಗೆ ಮಾಡಿ ಕೊಡಿ. ಬಂಗುಡೆಯ ತುಂಡು ಬೇಡ ಎಂದರೆ ಮೊದಲ ದಿನ ಸಾರು ಮಾತ್ರ ಬಡಿಸಿ. ಎರಡನೇ ದಿನ ಅವರೇ ತುಂಡು ಕೇಳುವ ಸಂಭವ ಇದೆ, ಕುಂದಾಪುರದವರು ತಾನೇ.

ಇನ್ನು ಕಷಾಯ. ದಿನಕ್ಕೊಂದು ಲೋಟ ಶುಂಠಿ, ಜೀರಿಗೆ, ಕೊತ್ತಂಬರಿ ಕಷಾಯ ಕುಡಿದರೆ ಗಂಟಲಿಗೆ ಹಿತ, ನಾನೂ ಕುಡಿಯುತ್ತೇನೆ. ನಿಮ್ಮ ನಾಲ್ಕು ಲೋಟದ ಕಥೆ ಬೇರೆ. ಲೋಟಕ್ಕೆ ಎರಡು ಚಮಚ ಬೆಲ್ಲ ಹಾಕಿದರೂ ದಿನಕ್ಕೆ ಎಂಟು ಚಮಚ ಆಯಿತು, ಶುಗರ್ ಇರುವವರಿಗೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ. ಅತಿಮಧುರ ದಿನಾ ಹೊಟ್ಟೆಗೆ ಹೋದರೆ ಬಿಪಿ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಮಾವನಿಗೆ ಅದು ಇವತ್ತೇ ಬಂದ್. ಕಾಳುಮೆಣಸು, ದಾಲ್ಚಿನ್ನಿ ಜಾಸ್ತಿಯಾಗಿ ಎದೆಯುರಿ, ಬಾಯಿಹುಣ್ಣು, ಮೂಲವ್ಯಾಧಿಯ ರಕ್ತ ಎಂದು ಬಂದವರನ್ನು ಈ ಕೋವಿಡ್ ಕಾಲದಲ್ಲಿ ಸಾಕಷ್ಟು ನೋಡಿದ್ದೇನೆ. ಅಮೃತಬಳ್ಳಿಯ ವಿಷಯ ಸ್ವಲ್ಪ ಜಟಿಲ. 2021ರಲ್ಲಿ ಮುಂಬೈನ ಲಿವರ್ ತಜ್ಞರೇ ಅದನ್ನು ಸೇವಿಸಿ ಲಿವರಿಗೆ ಪೆಟ್ಟು ಬಿದ್ದ ಆರು ಜನರ ಬಗ್ಗೆ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದು ನೋಡಲು ಹಾಗೇ ಇರುವ ಬೇರೆ ಬಳ್ಳಿ ಇರಬಹುದು ಎಂದಿತು. ಅವರ ಜಗಳ ಅವರಿಗಿರಲಿ, ನೀವು ಮಾರ್ಕೆಟಿನಿಂದ ತಂದ ಕಡ್ಡಿ ಯಾವ ಬಳ್ಳಿಯದು ಎಂದು ನಿಮಗೆ ಗೊತ್ತಾ? ನನಗಂತೂ ನೋಡಿ ಗುರುತಿಸಲು ಬರುವುದಿಲ್ಲ. ಬಿಟ್ಟುಬಿಡಿ. ಮತ್ತೊಂದು ವಿಷಯ, ಊಟಕ್ಕೆ ಮುಂಚೆ ಒಂದು ದೊಡ್ಡ ಲೋಟ ಖಾರದ ನೀರು ಕುಡಿದವರಿಗೆ ಹಸಿವು ಎಲ್ಲಿಂದ ಬರಬೇಕು?

ಮಾತ್ರೆಗಳ ಬಗ್ಗೆ. ಅಮೆರಿಕದಲ್ಲಿ ಮನೆಯಲ್ಲೇ ಇದ್ದ ಕೋವಿಡ್ ರೋಗಿಗಳಿಗೆ ಜಿಂಕ್ ಮತ್ತು ವಿಟಮಿನ್ ಸಿ ದೊಡ್ಡ ಡೋಸಿನಲ್ಲಿ ಕೊಟ್ಟು ನೋಡಿದ್ದರು. ಬೇಗ ಗುಣವಾಗಲಿಲ್ಲ ಎಂದು 2021ರಲ್ಲಿ ಫಲಿತಾಂಶ ಬಂತು. ಜಿಂಕ್ ಮಾತ್ರೆಯಿಂದ ವಾಕರಿಕೆ ಬರುತ್ತದೆ, ಬಾಯಿ ಲೋಹ ಚೀಪಿದ ಹಾಗೆ ಆಗುತ್ತದೆ. ಮಾವನ ‘ಬಾಯಿ ಕಹಿ’ಯಲ್ಲಿ ಅದರ ಪಾಲೂ ಇರಬಹುದು. ಡಾಕ್ಟರು ಬರೆದಿದ್ದರೆ ಅವರು ಹೇಳಿದಷ್ಟು ದಿನ, ಊಟದ ನಂತರ ಕೊಡಿ. ತಿಂಗಳುಗಟ್ಟಲೆ ಎಳೆದರೆ ದೇಹದಲ್ಲಿ ತಾಮ್ರ ಕಡಿಮೆಯಾಗುತ್ತದೆ. ವಿಟಮಿನ್ ಡಿ 60,000 ಯೂನಿಟ್‌ನದ್ದಾದರೆ ಸ್ಟ್ರಿಪ್ ನೋಡಿ, ಅದು ಸಾಮಾನ್ಯವಾಗಿ ವಾರಕ್ಕೊಂದು ಕೊಡುವಂಥದ್ದು. ದಿನಕ್ಕೊಂದರಂತೆ ನುಂಗಿ ಕ್ಯಾಲ್ಸಿಯಂ ಏರಿಸಿಕೊಂಡು ಕಿಡ್ನಿಗೆ ತಂದುಕೊಂಡವರಿದ್ದಾರೆ. ಮಗಳಿಗೆ ದೊಡ್ಡವರ ಡೋಸು ಇವತ್ತಿಗೇ ನಿಲ್ಲಿಸಿ, ಅವಳಿಗೆ ಪೇರಲೆ ಹಣ್ಣು ಸಾಕು. ನೂರು ಗ್ರಾಂ ಪೇರಲೆಯಲ್ಲಿ ಇನ್ನೂರು ಮಿಲಿಗ್ರಾಂ ಹತ್ತಿರ ವಿಟಮಿನ್ ಸಿ ಇರುತ್ತದೆ, ಕಿತ್ತಳೆಗಿಂತ ಎಷ್ಟೋ ಜಾಸ್ತಿ. ಪ್ರೋಟೀನ್ ಪೌಡರ್ ವಿಷ ಅಲ್ಲ. ಏನೂ ನುಂಗಲಾಗದವರಿಗೆ ನಾವೂ ಕೊಡುತ್ತೇವೆ. ಆದರೆ ಕೆಲವು ಡಬ್ಬಿಗಳಲ್ಲಿ ಪ್ರೋಟೀನಿಗಿಂತ ಸಕ್ಕರೆ ಜಾಸ್ತಿ ಇರುತ್ತದೆ, ಹಿಂದಿನ ಲೇಬಲ್ ಓದಿ. ಆ 900 ರೂಪಾಯಿಗೆ ಎಷ್ಟೋ ಡಜನ್ ಮೊಟ್ಟೆ ಬರುತ್ತದೆ.

ಒಂದು ಮಾತ್ರೆಯ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಪಕ್ಕದವರ ಚೀಟಿ ನೋಡಿ ಸ್ಟೀರಾಯ್ಡ್ ತರಿಸಬೇಡಿ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಆಕ್ಸಿಜನ್ ಬೇಕಾದವರ ಜೀವ ಉಳಿಸುತ್ತದೆ ಎಂದು 2020ರಲ್ಲೇ ಗೊತ್ತಾಯಿತು. ಆಕ್ಸಿಜನ್ ಸರಿ ಇರುವವರಿಗೆ ಅದರಿಂದ ಲಾಭ ಇಲ್ಲ ಎಂಬುದೂ ಆಗಲೇ ಗೊತ್ತಾಗಿತ್ತು. ಶುಗರನ್ನು ಅದು 400ಕ್ಕೂ ಏರಿಸಬಹುದು. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದವರಲ್ಲಿ ಬಹಳ ಜನ ಶುಗರ್ ಹಿಡಿತದಲ್ಲಿಲ್ಲದವರು, ಸ್ಟೀರಾಯ್ಡ್ ತೆಗೆದುಕೊಂಡವರು.

ತರಕಾರಿಗೆ ಸೋಪು ಬೇಡ. ಸೊಪ್ಪಿನ ಸಂದಿಯಲ್ಲಿ ಉಳಿದ ಸೋಪು ಭೇದಿ ಮಾಡಿಸುತ್ತದೆ. ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದರೆ ಆಯಿತು. ಈ ರೋಗ ಹರಡುವುದು ಮುಖ್ಯವಾಗಿ ಗಾಳಿಯಲ್ಲಿ. ಬೆಂಡೆಕಾಯಿ ತೊಳೆಯುವ ಅರ್ಧ ಗಂಟೆಯನ್ನು ಕಿಟಕಿಗೆ ಕೊಡಿ. ಎದುರುಬದುರು ಗಾಳಿ ಆಡುವಂತೆ ಎರಡೂ ಕಡೆ ತೆರೆದಿಡಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ. ಒಂದೇ ಕೋಣೆಯಲ್ಲಿ ನಾಲ್ವರಿರುವಾಗ ಎಲ್ಲರ ಮಾಸ್ಕೂ ಒಟ್ಟಿಗೆ ಕೆಳಗಿಳಿಯುವುದು ಊಟದ ಹೊತ್ತಿನಲ್ಲಿ. ಅವರಿಬ್ಬರು ಕೋಣೆಯಲ್ಲಿ ಕಿಟಕಿ ಪಕ್ಕ ಉಣ್ಣಲಿ, ನೀವು ಮತ್ತು ಮಗಳು ಅಡುಗೆಮನೆಯಲ್ಲಿ, ಅರ್ಧ ಗಂಟೆ ಬಿಟ್ಟು. ತಟ್ಟೆ ಲೋಟ ಎಸೆಯುವುದು, ಕುದಿಸುವುದು ಏನೂ ಬೇಡ, ಪಾತ್ರೆ ತೊಳೆಯುವ ಸೋಪು ಸಾಕು.

ನಿಮ್ಮವರ ವಾಸನೆಯ ವಿಷಯ. ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಗಳಿಗೆ ಆಸರೆಯಾಗಿರುವ ಕೋಶಗಳಿಗೆ ವೈರಸ್ಸು ತಗಲುತ್ತದೆ. ಅವು ಮತ್ತೆ ಬೆಳೆಯುತ್ತವೆ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಯಾಗುತ್ತದೆ. ದಿನಕ್ಕೆರಡು ಸಲ ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ, ಗುಲಾಬಿ ಒಂದೊಂದನ್ನೂ ಇಪ್ಪತ್ತು ಸೆಕೆಂಡು ಮೂಸುವ ಅಭ್ಯಾಸ ಕೆಲವರಿಗೆ ನೆರವಾಗುತ್ತದೆ. ಊಟದಲ್ಲಿ ಹುಳಿ, ಕುರುಕುಲು ಇದ್ದರೆ ನಾಲಿಗೆಗೆ ಏನೋ ಒಂದು ಸಿಗುತ್ತದೆ. ಅದಕ್ಕಿಂತ ಮುಖ್ಯ, ಅವರನ್ನು ನಂಬಿ ಗ್ಯಾಸಿನ ಮೇಲೆ ಹಾಲು ಇಡಬೇಡಿ. ಗ್ಯಾಸ್ ಲೀಕಾದರೂ, ಸಾಂಬಾರು ಹಳಸಿದರೂ ಅವರಿಗೆ ಈಗ ಗೊತ್ತಾಗುವುದಿಲ್ಲ.

ಇಷ್ಟು ಉದ್ದದ ಪತ್ರದಲ್ಲಿ ನೀವು ಏನು ತಿನ್ನುತ್ತೀರಿ ಎಂಬ ಒಂದು ಸಾಲೂ ಇಲ್ಲ. ಕಡೆಗೆ ಪಾತ್ರೆಯ ತಳದಲ್ಲಿ ಉಳಿದದ್ದು ಅಂತ ಊಹಿಸಲೇ? ಮಾವನಿಗೆ ಬೇಯಿಸುವಾಗ ಎರಡು ಮೊಟ್ಟೆ ಜಾಸ್ತಿ ಹಾಕಿ. ನಾಳೆ ನಿಮಗೂ ಜ್ವರ ಬಂದರೆ ಈ ಮನೆಯಲ್ಲಿ ಒಲೆ ಹಚ್ಚುವವರು ಯಾರು?

ಮಾವನಿಗೆ ದಿನಕ್ಕೆ ನಾಲ್ಕು ಸಲ ಶುಗರ್, ನಾಲ್ಕು ಸಲ ಆಕ್ಸಿಜನ್ ನೋಡಿ ಒಂದು ಹಾಳೆಯಲ್ಲಿ ಬರೆದಿಡಿ. ಆಕ್ಸಿಜನ್ 94ಕ್ಕಿಂತ ಇಳಿದರೆ, ಉಸಿರು ಏದುಸಿರಾದರೆ, ಎದೆ ಬಿಗಿದರೆ, ಮಾತು ತಡವರಿಸಿದರೆ, ಶುಗರ್ 300ರ ಮೇಲೇ ನಿಂತರೆ, ಕುಡಿದದ್ದೆಲ್ಲ ವಾಂತಿಯಾದರೆ ಮನೆಮದ್ದು ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಹುಷಾರಾದ ಮೇಲೆ ಅವರ ಲಸಿಕೆಯ ಸರ್ಟಿಫಿಕೇಟ್ ನೋಡಿ. ಶುಗರ್, ಬಿಪಿಯಂಥ ಕಾಯಿಲೆ ಇರುವ 60 ದಾಟಿದವರಿಗೆ 2022ರ ಜನವರಿ 10ರಿಂದ ಮುನ್ನೆಚ್ಚರಿಕೆ (ಮೂರನೇ) ಡೋಸ್ ಶುರುವಾಯಿತು. ಆಗಿನ ನಿಯಮದಂತೆ ಎರಡನೇ ಡೋಸ್ ಆಗಿ 39 ವಾರ ಕಳೆದಿರಬೇಕಿತ್ತು. ಈಗಷ್ಟೇ ಕೋವಿಡ್ ಬಂದಿರುವುದರಿಂದ ಯಾವಾಗ ಹಾಕಿಸಬೇಕು ಎಂದು ಡಾಕ್ಟರನ್ನು ಕೇಳಿ.

ತಿಳ್ಗುಳ್ ಡಬ್ಬಿಯನ್ನು ಒಳಗೆ ತನ್ನಿ. ಸ್ಯಾನಿಟೈಸರ್ ಹೊಡೆಯುವುದು ಬೇಡ, ಕೈ ತೊಳೆದುಕೊಂಡು ತೆರೆದರೆ ಸಾಕು. ಮಗಳಿಗೆ ಎರಡು ಉಂಡೆ, ನಿಮ್ಮವರಿಗೆ ಎರಡು, ನಿಮಗೂ ಎರಡು. ಮಾವನ ಶುಗರ್ ಇವತ್ತು ಸಂಜೆ 180ರೊಳಗೆ ಇದ್ದರೆ ಊಟದ ಜೊತೆ ಅರ್ಧ ಉಂಡೆ ಕೊಡಿ. ಇನ್ನರ್ಧಕ್ಕೆ ಅವರು ಕೈ ಚಾಚಿದರೆ ಡಬ್ಬಿ ಮಗಳ ಹತ್ತಿರ ಇರಲಿ. ಅಜ್ಜನ ಮುಖ ನೋಡಿ ನೀವು ಕರಗಬಹುದು, ಅವಳು ಕೊಡುವುದಿಲ್ಲ.